ಹೆಸರಿಲ್ಲದವರ ಪ್ರತಿಮೆ

ಕಾಲೇಜು ಆವರಣದ ಪ್ರತಿಮೆ ಅಂದರೆ ನೆನಪಾಗುವುದು ಸಂಸ್ಥಾಪಕರು, ಇಲ್ಲವೇ ರಾಷ್ಟ್ರನಾಯಕರು. ಪಶ್ಚಿಮ ಬಂಗಾಳದ ಶಾಂತಿನಿಕೇತನದಲ್ಲಿ, ವಿಶ್ವಭಾರತಿಯ ಕಲಾಭವನದ ಬಯಲಲ್ಲಿ ನಿಂತಿರುವುದು ಒಂದು ಬಡ ಕುಟುಂಬ. ಗಂಡ, ಹೆಂಡತಿ, ಮಗು, ಜೊತೆಗೊಂದು ನಾಯಿ. ಗಂಡನ ಹೆಗಲ ಮೇಲೆ ಅಡ್ಡೆ. ಇರುವಷ್ಟು ಸಾಮಾನು ಹೊತ್ತು ಊರು ಬಿಟ್ಟು ಹೊರಟಿದ್ದಾರೆ. ಶಿಲ್ಪದ ಹೆಸರು ‘ಸಂತಾಲ ಕುಟುಂಬ’. ಸಂತಾಲರು ಆ ಭಾಗದ ಆದಿವಾಸಿಗಳು.

1938ರಲ್ಲಿ ಇದನ್ನು ಮಾಡಿದವರು ರಾಮಕಿಂಕರ ಬೈಜ್. 1906ರಲ್ಲಿ ಬಾಂಕುರಾದ ಕ್ಷೌರಿಕರ ಮನೆಯಲ್ಲಿ ಹುಟ್ಟಿ, ಕಲಾಭವನದಲ್ಲೇ ಕಲಿತು, ಅಲ್ಲೇ ಮೇಷ್ಟ್ರಾದವರು. ಕಂಚಿನ ಪ್ರತಿಮೆಗೆ ದುಡ್ಡು ಬೇಕು. ಅವರು ಸಿಮೆಂಟಿಗೆ ಜಂಬಿಟ್ಟಿಗೆ ಕಲ್ಲಿನ ಹರಳು ಕಲಸಿ ಮೆತ್ತಿದರು. ಮೈಯೆಲ್ಲ ಒರಟು, ಆ ನೆಲದ ಹಾಗೆಯೇ.

ಬ್ರಿಟಿಷರ ಆ ಕಾಲದಲ್ಲಿ ಪ್ರತಿಮೆಯಾಗುತ್ತಿದ್ದವರು ರಾಜರು, ವೈಸರಾಯ್‌ಗಳು. ದುಡಿಯುವವರನ್ನು ಆಳೆತ್ತರಕ್ಕೂ ಮೀರಿ ಬಯಲಲ್ಲಿ ನಿಲ್ಲಿಸಿದ್ದು ಹೊಸ ಮಾತು. ಭಾರತದ ಆಧುನಿಕ ಶಿಲ್ಪದ ಕಥೆಯನ್ನು ಹಲವರು ಇಲ್ಲಿಂದಲೇ ಶುರು ಮಾಡುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸುವುದು ಅವರ ನಡಿಗೆ. ಅವರು ಯಾರ ಮುಂದೆಯೂ ಕೈಚಾಚಿಲ್ಲ. ಗುಳೆ ಹೋಗುವವರ ಸುದ್ದಿಯಲ್ಲಿ ಪತ್ರಿಕೆಗಳು ಮೊದಲು ಕೇಳುವುದು ಲೆಕ್ಕ: ಎಷ್ಟು ಕುಟುಂಬ, ಎಷ್ಟು ಬಸ್ಸು? ರಾಮಕಿಂಕರರು ಒಂದೇ ಕುಟುಂಬವನ್ನು ನೋಡಿದರು, ಅವರ ನಾಯಿಯನ್ನೂ ಬಿಡಲಿಲ್ಲ. ನಮ್ಮೂರ ಚರಿತ್ರೆಯಲ್ಲಿ ಗುಳೆ ಹೋದವರಿಗೂ ಇಷ್ಟು ಜಾಗ ಸಿಗಬೇಕು.