ಭಾಗಿಸುವ ಮೊದಲು ಕೇಳಬೇಕಾದ ಪ್ರಶ್ನೆ

‘ಆಸ್ಪತ್ರೆಗೆ ಹೋದೋರು ವಾಪಸ್ ಬರಲ್ಲ ಕಣೋ’ ಅಂತಿದ್ಲು ನಮ್ಮಜ್ಜಿ. ಬಿಇ ಓದ್ತಿದ್ದ ನಾನು ನಗ್ತಿದ್ದೆ. ವಿಯೆನ್ನಾದ ಈ ಕತೆ ಓದಿದ ಮೇಲೆ ನಗು ನಿಂತುಹೋಯ್ತು.

1840ರ ದಶಕ. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲೀತಿದ್ರು, ಎರಡನೆಯದರಲ್ಲಿ ಸೂಲಗಿತ್ತಿಯರು. ಹೆಚ್ಚುಕಮ್ಮಿ ದಿನ ಬಿಟ್ಟು ದಿನ ಸರದಿ. ನೀವು ಬಂದ ದಿನ ಯಾವುದೋ ಅದರ ಮೇಲೆ ನಿಮ್ಮ ವಿಭಾಗ. ‘ಮೊದಲನೇದಕ್ಕೆ ಮಾತ್ರ ಹಾಕಬೇಡಿ’ ಅಂತ ಗರ್ಭಿಣಿಯರು ಮಂಡಿಯೂರಿ ಬೇಡಿಕೊಳ್ತಿದ್ರಂತೆ.

ಅಲ್ಲಿ ಕೆಲಸಕ್ಕಿದ್ದ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ಡಾಕ್ಟರು ಆ ಭಯವನ್ನು ಅಂಕಿಗಳಲ್ಲಿ ಹುಡುಕಿದ. 1846ರ ಲೆಕ್ಕ ಹೀಗಿದೆ:

ಮೊದಲ ವಿಭಾಗ: ಹೆರಿಗೆ 4,010, ತಾಯಂದಿರ ಸಾವು 459
ಎರಡನೇ ವಿಭಾಗ: ಹೆರಿಗೆ 3,754, ಸಾವು 105
ಒಟ್ಟು: ಹೆರಿಗೆ 7,764, ಸಾವು 564

ಈಗ ಲೆಕ್ಕ ಹಾಕೋಣ. ಆಸ್ಪತ್ರೆಗೆ ಬಂದ ಒಬ್ಬ ತಾಯಿ ಸಾಯುವ ಸಂಭವನೀಯತೆ ಎಷ್ಟು? 564ನ್ನು 7,764ರಿಂದ ಭಾಗಿಸಿ: ಶೇ. 7.3. ಆದರೆ ಈ ಸರಾಸರಿಯೊಳಗೆ ನಿಜ ಅಡಗಿ ಕೂತಿದೆ. ಸಾಲು ಸಾಲಾಗಿ ನೋಡಿ. ಮೊದಲ ವಿಭಾಗದಲ್ಲಿ 459 ಭಾಗಿಸು 4,010, ಅಂದ್ರೆ ಶೇ. 11.4. ಎರಡನೆಯದರಲ್ಲಿ 105 ಭಾಗಿಸು 3,754, ಬರೀ ಶೇ. 2.8. ನಾಲ್ಕು ಪಟ್ಟು ವ್ಯತ್ಯಾಸ!

ಅದೇ 459ನ್ನು ಒಟ್ಟು ಸಾವು 564ರಿಂದ ಭಾಗಿಸಿದ್ರೆ ಶೇ. 81 ಬರುತ್ತೆ. ಅದು ಬೇರೆಯದೇ ಪ್ರಶ್ನೆಗೆ ಉತ್ತರ: ಸತ್ತವರಲ್ಲಿ ಎಷ್ಟು ಜನ ಮೊದಲ ವಿಭಾಗದವರು? ಮೊದಲ ವಿಭಾಗಕ್ಕೆ ಹೋದ್ರೆ ಶೇ. 81ರಷ್ಟು ಸಾವು ಅಂತ ಓದಿದ್ರೆ ಕೆಟ್ಟಿರಿ. ಭಾಗಿಸುವ ಸಂಖ್ಯೆ ಬದಲಾದ್ರೆ ಪ್ರಶ್ನೆಯೇ ಬದಲಾಗುತ್ತೆ.

ಎರಡನೇ ವಿಭಾಗದ ದರವೇ ಮೊದಲನೆಯದರಲ್ಲೂ ಇದ್ದಿದ್ರೆ ಸಾವು 112ರ ಆಸುಪಾಸು ಇರ್ತಿತ್ತು. ಅಂದ್ರೆ ಒಂದೇ ವರ್ಷದಲ್ಲಿ ಸುಮಾರು 347 ತಾಯಂದಿರು ಸುಮ್ಮನೆ ಹೋದರು.

ಯಾಕೆ? 1847ರಲ್ಲಿ ಸೆಮ್ಮೆಲ್ವೈಸ್‌ನ ಗೆಳೆಯನೊಬ್ಬ ಶವಪರೀಕ್ಷೆ ವೇಳೆ ಚಾಕು ತಗುಲಿ, ಬಾಣಂತಿಯರಂಥದೇ ಲಕ್ಷಣಗಳಿಂದ ಸತ್ತ. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆ ವಿಭಾಗಕ್ಕೆ ಬರ್ತಿದ್ರು. ಸೂಲಗಿತ್ತಿಯರಿಗೆ ಆ ಕೆಲಸವೇ ಇರಲಿಲ್ಲ. ಆ ವರ್ಷದ ಮೇ ತಿಂಗಳಿಂದ ಕ್ಲೋರಿನ್ ನೀರಲ್ಲಿ ಕೈ ತೊಳೆಯೋದು ಕಡ್ಡಾಯವಾಯ್ತು. 1848ರಲ್ಲಿ ಮೊದಲ ವಿಭಾಗದ 3,556 ಹೆರಿಗೆಗಳಲ್ಲಿ ಸಾವು 45, ಅಂದ್ರೆ ಶೇ. 1.3. ಎರಡೂ ವಿಭಾಗ ಸಮ ಆದವು.

ಆದ್ರೂ ಹಿರಿಯ ವೈದ್ಯರು ಬಹುಪಾಲು ಒಪ್ಪಲಿಲ್ಲ. ಸೆಮ್ಮೆಲ್ವೈಸ್ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ.

ನಮ್ಮಜ್ಜಿ ವಾಪಸ್ ಬಾರದವರನ್ನಷ್ಟೇ ಎಣಿಸಿದ್ಲು, ಬಂದವರನ್ನಲ್ಲ. ಸರಿ, ಅದು ತಪ್ಪು. ಆದರೆ ನಕ್ಕ ನಾನು ಒಬ್ಬರನ್ನೂ ಎಣಿಸಿರಲಿಲ್ಲ.