ತಿರುಪು ಹಳೆಯದು, ಗಾಜು ಹಳೆಯದು: ಇನ್ಸುಲೇಟರ್ ಪೇಟೆಂಟಿನ ತಕರಾರು

ಇವತ್ತು ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ: ಹಳೆಯ ಎರಡು ವಸ್ತುಗಳನ್ನು ಜೋಡಿಸಿದರೆ ಅದು ಹೊಸ ಆವಿಷ್ಕಾರ ಆಗುತ್ತದೆಯೇ? ಅಮೆರಿಕದ ಟೆಲಿಗ್ರಾಫ್ ಕಂಬಗಳ ಗಾಜಿನ ಇನ್ಸುಲೇಟರ್ ಇದಕ್ಕೆ ಒಳ್ಳೆಯ ಉದಾಹರಣೆ.

ಮೊದಲು ಈ ಗಾಜಿನ ಟೋಪಿಯ ಒಳಭಾಗ ನುಣುಪಾಗಿತ್ತು. ಮರದ ಗೂಟದ ಮೇಲೆ ಸುಮ್ಮನೆ ಕೂರಿಸುತ್ತಿದ್ದರು. ತಗ್ಗಿನಲ್ಲಿರುವ ಕಂಬದಲ್ಲಿ ತಂತಿ ಮೇಲಕ್ಕೆ ಜಗ್ಗುತ್ತದೆ ನೋಡಿ, ಆಗ ಟೋಪಿ ಗೂಟ ಬಿಟ್ಟು ಎದ್ದುಬರುತ್ತಿತ್ತು. ನ್ಯೂಯಾರ್ಕಿನ ಬಡಗಿ ಲೂಯಿ ಕಾವೆ ಗಾಜಿನ ಒಳಗೇ ತಿರುಪಿನ ಸುತ್ತು ತಂದು, ಗೂಟಕ್ಕೆ ತಿರುಗಿಸಿ ಬಿಗಿಯುವ ಹಾಗೆ ಮಾಡಿದ. 1865ರ ಜುಲೈ 25ರಂದು ಪೇಟೆಂಟ್ ಸಿಕ್ಕಿತು. ಆಮೇಲೆ ಅದನ್ನು ಬ್ರೂಕ್ಲಿನ್ನಿನ ಬ್ರೂಕ್‌ಫೀಲ್ಡ್ ಗಾಜಿನ ಕಂಪನಿಗೆ ಮಾರಿದ.

ಇದು ಆವಿಷ್ಕಾರವೇ? ಅಳೆಯಲು 1851ರ ಹಾಚ್‌ಕಿಸ್–ಗ್ರೀನ್‌ವುಡ್ ಮೊಕದ್ದಮೆ ನೋಡೋಣ. ಅದು ಬಾಗಿಲ ಹಿಡಿಯ ವ್ಯಾಜ್ಯ. ಲೋಹದ ಬದಲು ಜೇಡಿಮಣ್ಣು, ಪಿಂಗಾಣಿ ಬಳಸಿದ್ದರು. ಜೋಡಿಸುವ ವಿಧಾನ ಹಳೆಯದೇ. ಸಾಧಾರಣ ಕುಶಲಕರ್ಮಿಯ ಕೈಚಳಕಕ್ಕಿಂತ ಹೆಚ್ಚಿನದು ಇಲ್ಲಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಪೇಟೆಂಟನ್ನು ಒಪ್ಪಲಿಲ್ಲ.

ಕಾವೆ ಕೂಡ ಕುಶಲಕರ್ಮಿಯೇ ಅಲ್ವಾ, ಅಂತ ನೀವು ಕೇಳಬಹುದು. ನನ್ನ ವಾದ ಇಷ್ಟು: ಹೊಸ ಹಿಡಿ ಹಳೆಯ ಹಿಡಿಯ ಕೆಲಸವನ್ನೇ ಮಾಡಿತು. ತಿರುಪಿನ ಇನ್ಸುಲೇಟರ್ ಹಾಗಲ್ಲ, ಮೊದಲಿನದು ತಡೆಯಲಾರದ ಎಳೆತವನ್ನು ಅದು ತಡೆಯಿತು. ಅಷ್ಟು ಸುಲಭವಾಗಿದ್ದರೆ, 1844ರಲ್ಲೇ ಮೋರ್ಸ್‌ನ ತಂತಿ ಓಡಿದ ಮೇಲೂ ಇಪ್ಪತ್ತು ವರ್ಷ ಅದು ಯಾಕೆ ರೂಢಿಗೆ ಬರಲಿಲ್ಲ?

ಹೊಸೂರಿನ ಗೆಳತಿಯೊಬ್ಬರು ಚಾಟ್‌ನಲ್ಲಿ ಕೇಳಿದ್ದಾರೆ: ಗಾಜಿನ ಮೇಲಿನ ತಾರೀಖು ತಯಾರಾದ ದಿನವಾ? ಅಲ್ಲ. ಅದು ಪೇಟೆಂಟಿನ ತಾರೀಖು, ಅಂದರೆ ಹಕ್ಕಿನ ಘೋಷಣೆ. ಎಷ್ಟೋ ವರ್ಷದ ನಂತರ ಮಾಡಿದ ಗಾಜಿನ ಮೇಲೂ ಅದೇ ತಾರೀಖು ಇರುತ್ತದೆ. ಆಗಿನ ಕಾನೂನಿನಲ್ಲಿ ಪೇಟೆಂಟಿನ ಆಯುಷ್ಯ 17 ವರ್ಷ. ಕಾವೆಯದು 1882ಕ್ಕೆ ಮುಗಿಯಬೇಕು. ತಿರುಪು ಎಲ್ಲರದಾದ ಮೇಲೆ ಹಕ್ಕಿನ ಪೈಪೋಟಿ ಸಣ್ಣ ವಿವರಗಳಿಗೆ ಇಳಿಯಿತು. ಹೆಮಿಂಗ್ರೇ ಕಂಪನಿಯ 1893ರ ಮೇ 2ರ ಪೇಟೆಂಟ್ ನೋಡಿ: ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕಿ ಹೋಗಲಿ ಎಂದು ಇಟ್ಟ ಗಾಜಿನ ಸಣ್ಣ ಮೊನೆಗಳಿಗೆ ಅದು.

ನಾವು ಶಾಸನ ಓದುವಾಗ ಕೇಳುವ ಪ್ರಶ್ನೆಯನ್ನೇ ಇಲ್ಲೂ ಕೇಳಬೇಕು: ಇದನ್ನು ಬರೆಸಿದವರು ಯಾರು, ಯಾವ ಹಕ್ಕಿಗಾಗಿ? ಬ್ರೂಕ್‌ಫೀಲ್ಡ್ ಗಾಜಿನ ಮೇಲೆ ಕಾವೆಯ ಹೆಸರು ಉಬ್ಬಕ್ಷರದಲ್ಲಿದೆ. ಹೆಸರು ಬಡಗಿಯದು, ಹಕ್ಕು ಕಂಪನಿಯದು.