ನೌಕಾ ಗಡಿಯಾರ, ಸೈನಿಕ ದುರ್ಬೀನು: ಸಂಗ್ರಹದ ಹೊಣೆ

ಹಳೆಯ ನೌಕಾ ಗಡಿಯಾರ ಹಾಗೂ ಸೈನಿಕ ದುರ್ಬೀನುಗಳ ಸಂಗ್ರಹವನ್ನು ಕೇವಲ ಹವ್ಯಾಸವೆಂದು ಪರಿಗಣಿಸುವುದು ವಾಡಿಕೆ. ಆದರೆ ಭೌತಿಕ ಸಂಸ್ಕೃತಿಯ ಅಧ್ಯಯನಕ್ಕೆ ಇವು ಮಹತ್ವದ ಆಕರಗಳು.

ಸಮುದ್ರಮಧ್ಯದಲ್ಲಿ ರೇಖಾಂಶವನ್ನು ಅರಿಯುವ ವಿಧಾನಕ್ಕಾಗಿ ಬ್ರಿಟಿಷ್ ಸಂಸತ್ತು 1714ರಲ್ಲಿ ಗರಿಷ್ಠ 20,000 ಪೌಂಡುಗಳ ಬಹುಮಾನವನ್ನು ಘೋಷಿಸಿತು. ಭೂಮಿಯು ಗಂಟೆಗೆ 15 ಡಿಗ್ರಿಯಷ್ಟು ತಿರುಗುವುದರಿಂದ, ಹೊರಟ ಬಂದರಿನ ವೇಳೆಯನ್ನು ತಪ್ಪದೆ ತೋರುವ ಗಡಿಯಾರವಿದ್ದರೆ, ಅದನ್ನು ಹಡಗಿರುವ ಸ್ಥಳದ ವೇಳೆಯೊಡನೆ ಹೋಲಿಸಿ ರೇಖಾಂಶವನ್ನು ಗಣಿಸಬಹುದಿತ್ತು. ಬಡಗಿ ವೃತ್ತಿಯ ಜಾನ್ ಹ್ಯಾರಿಸನ್ 1735ರಿಂದ 1759ರವರೆಗೆ ಪೂರ್ಣಗೊಳಿಸಿದ ನಾಲ್ಕು ಗಡಿಯಾರಗಳಲ್ಲಿ ಕೊನೆಯದು ಇದನ್ನು ಸಾಧ್ಯವಾಗಿಸಿತು.

ಈ ಗಡಿಯಾರಗಳೇ 1920ರಲ್ಲಿ ಗ್ರೀನಿಚ್ ವೀಕ್ಷಣಾಲಯದಲ್ಲಿ ಕಿಲುಬು ಹಿಡಿದು ನಿಂತಿದ್ದವು. ನೌಕಾಧಿಕಾರಿ ರೂಪರ್ಟ್ ಗೌಲ್ಡ್ ಸಂಭಾವನೆಯಿಲ್ಲದೆ ವರ್ಷಗಟ್ಟಲೆ ದುಡಿದು ಅವನ್ನು ದುರಸ್ತಿಗೊಳಿಸಿದನು. ಕೆಲಸದ ವಿವರಗಳನ್ನು ಟಿಪ್ಪಣಿ ಪುಸ್ತಕಗಳಲ್ಲಿ ದಾಖಲಿಸಿದನು. ಸಂಗ್ರಾಹಕರಿಗೆ ಮಾದರಿಯಾಗಬೇಕಾದುದು ಈ ದಾಖಲೀಕರಣವೇ.

ಬ್ರಿಟಿಷ್ ಸೇನೆಯ ದುರ್ಬೀನುಗಳ ಮೇಲೆ ಸರ್ಕಾರದ ಸ್ವತ್ತೆಂದು ಸಾರುವ ಬಾಣದ ಗುರುತು ಕಂಡುಬರುತ್ತದೆ. ಹಿತ್ತಾಳೆ ಹೊಳೆಯಲೆಂದು ಅತಿಯಾಗಿ ಉಜ್ಜಿದರೆ ಇಂತಹ ಗುರುತುಗಳು ಸವೆದುಹೋಗುತ್ತವೆ. ಆಗ ಉಳಿಯುವುದು ಅಲಂಕಾರದ ವಸ್ತು ಮಾತ್ರ. ಹಾಡಿದವರ ಹೆಸರು, ಊರು, ಸಂದರ್ಭಗಳನ್ನು ಬರೆದುಕೊಳ್ಳದೆ ಜನಪದ ಗೀತೆಯನ್ನು ಸಂಗ್ರಹಿಸಿದಾಗ ಆಗುವ ನಷ್ಟವೇ ಇಲ್ಲಿಯೂ ಆಗುತ್ತದೆ.